ಮೈದುನ ತಂದುಕೊಟ್ಟ ಚೀನೀ ಚಹಾದ ಬಿಲ್ಲೆ: ಕೆಟ್ಟಿದೆಯೋ, ಮಾಗಿದೆಯೋ?

ಶರಾವತಿ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನನ್ನ ಮೈದುನ ಗ್ವಾಂಗ್‌ಝೌನಲ್ಲಿ ಐದು ವರ್ಷ ಕೆಲಸ ಮಾಡಿ ಕಳೆದ ತಿಂಗಳು ಸಾಗರಕ್ಕೆ ಮರಳಿದ. ಮಕ್ಕಳಿಗೆ ಆಟಿಕೆ, ಅಣ್ಣನಿಗೆ ಕೈಗಡಿಯಾರ. ನನಗೆ ಮಾತ್ರ ತೆಳು ಕಾಗದದಲ್ಲಿ ಸುತ್ತಿದ ಒಂದು ದುಂಡನೆಯ ಗಟ್ಟಿ ಬಿಲ್ಲೆ. ಚಪಾತಿಯಷ್ಟು ಅಗಲ, ಎರಡು ಬೆರಳು ದಪ್ಪ, ಕಪ್ಪಿಗೆ ತಿರುಗಿದ ಕಂದು ಬಣ್ಣ. ಅತ್ತೆಯವರು ಕಾಗದ ಬಿಚ್ಚಿ ನೋಡಿ, "ಬೆರಣಿ ತರುವುದಕ್ಕೆ ಚೀನಾದವರೆಗೆ ಹೋಗಬೇಕಿತ್ತೇ?" ಎಂದು ಕೇಳಿದರು.

ಇದು ಪು-ಎರ್ ಎಂಬ ಚಹಾ, ಹಳೆಯದಾದಷ್ಟೂ ಬೆಲೆ ಹೆಚ್ಚು, ಇದು 1975ನೇ ಇಸವಿಯದು ಎನ್ನುವುದು ಮೈದುನನ ವಾದ. ಕಾಗದದ ಮೇಲೆ 7572 ಎಂದು ಅಚ್ಚಾಗಿರುವುದೇ ಅವನಿಗೆ ಸಾಕ್ಷಿ. ಹಿಂಬದಿಯಲ್ಲಿ 2012 ಎಂದೂ ಇದೆ. ಅದೇನು ಎಂದರೆ ಅವನ ಬಳಿ ಉತ್ತರವಿಲ್ಲ.

ಮುರಿಯಲು ಬೇರೆ ದಾರಿ ಕಾಣದೆ ಅಡಕತ್ತರಿಯಿಂದ ಒಂದು ಚೂರು ಕತ್ತರಿಸಿ, ಎಂದಿನಂತೆ ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿದೆ. ಮಳೆಗಾಲವಿಡೀ ಮುಚ್ಚಿಟ್ಟಿದ್ದ ಮರದ ಪೆಟ್ಟಿಗೆಯನ್ನು ತೆರೆದ ಹಾಗೆ ವಾಸನೆ ಬಂತು. ಮಕ್ಕಳು ಲೋಟ ಮುಟ್ಟಲಿಲ್ಲ. ಇದು ಕೆಟ್ಟಿದೆಯೇ, ಅಥವಾ ಇದರ ಗುಣವೇ ಹೀಗೆಯೇ? ತಿಳಿದವರು ಹೇಳಿ. ಮೈದುನನ ಮುಂದೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ಬೆಟ್ಟದಹಾದಿ

ಶರಾವತಿ ಅವರೇ, ಏಲಕ್ಕಿ ಹಾಕಿದ್ದನ್ನು ಓದಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡೆ. ನಾನು ಯುನ್ನಾನ್ ಪ್ರಾಂತ್ಯದ ಕುನ್‌ಮಿಂಗ್‌ನಲ್ಲಿ ಎರಡು ವರ್ಷ ಇದ್ದವನು. ಅಲ್ಲಿ ಕಲಿತಷ್ಟನ್ನು ಬರೆಯುತ್ತೇನೆ.

ಮೊದಲು ಆ ಸಂಖ್ಯೆ. 7572 ಎನ್ನುವುದು ತಯಾರಾದ ವರ್ಷವಲ್ಲ, ಪಾಕದ ಹೆಸರು. ಮೊದಲ ಎರಡು ಅಂಕಿಗಳು ಆ ಮಿಶ್ರಣವನ್ನು ರೂಪಿಸಿದ ವರ್ಷವನ್ನು ಹೇಳುತ್ತವೆ, ಅಂದರೆ 1975. ಮೂರನೆಯ ಅಂಕಿ ಎಲೆಯ ದರ್ಜೆ. ಕೊನೆಯದು ಕಾರ್ಖಾನೆ: 1 ಎಂದರೆ ಕುನ್‌ಮಿಂಗ್, 2 ಎಂದರೆ ಮೆಂಗ್‌ಹಾಯ್, 3 ಎಂದರೆ ಶಿಯಾಗ್ವಾನ್. ನಿಮ್ಮದು ಮೆಂಗ್‌ಹಾಯ್‌ನ ಪಾಕ. ಹಿಂಬದಿಯ 2012 ತಯಾರಾದ ವರ್ಷ. ಮೈದುನನಿಗೆ ಬೇಸರವಾಗದ ಹಾಗೆ ತಿಳಿಸಿ.

ಪು-ಎರ್‌ನಲ್ಲಿ ಎರಡು ಕುಲಗಳಿವೆ. ಒಂದು ಶಂಗ್, ಅಂದರೆ ಕಚ್ಚಾ. ಯುನ್ನಾನಿನ ದೊಡ್ಡ ಎಲೆಯ ಜಾತಿಯ ಚಹಾವನ್ನು ಕೊಯ್ದು, ಸ್ವಲ್ಪ ಬಾಡಿಸಿ, ದೊಡ್ಡ ಬಾಣಲೆಯಲ್ಲಿ ಹದವಾಗಿ ಹುರಿದು, ಉಜ್ಜಿ ಸುರುಳಿ ಮಾಡಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಆಮೇಲೆ ಹಬೆ ಕೊಟ್ಟು, ಬಟ್ಟೆಯ ಚೀಲದಲ್ಲಿ ಹಾಕಿ, ಕಲ್ಲಿನ ಭಾರದಡಿ ಒತ್ತಿ ಬಿಲ್ಲೆ ಮಾಡುತ್ತಾರೆ. ಹೊಸದಿದ್ದಾಗ ಇದು ಹಸಿರು, ಕಹಿ, ಒಗರು. ವರ್ಷಗಳು ಕಳೆದಂತೆ ತಾನೇ ಮೆದುವಾಗುತ್ತದೆ, ರಸದ ಬಣ್ಣ ಹೊಂಬಣ್ಣದಿಂದ ಕೆಂಪಿಗೆ ತಿರುಗುತ್ತದೆ. ಚೆನ್ನಾಗಿ ಮಾಗಿದ ಹಳೆಯ ಶಂಗ್‌ನಲ್ಲಿ ಒಣಗಿದ ಮರ, ಕರ್ಪೂರ, ಗಿಡಮೂಲಿಕೆಯ ಪರಿಮಳ ಬರುತ್ತದೆ. ಅದರಲ್ಲಿಯೂ ಕರ್ಪೂರದ ಪರಿಮಳಕ್ಕೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ.

ಇನ್ನೊಂದು ಶು, ಅಂದರೆ ಮಾಗಿಸಿದ್ದು. ನಿಮ್ಮ ಕೈಯಲ್ಲಿರುವುದು ಇದು. ಗಿಡದಲ್ಲಿ ಹಣ್ಣಾದ ಬಾಳೆಗೂ ಹೊಗೆಯಲ್ಲಿಟ್ಟು ಹಣ್ಣು ಮಾಡಿದ ಬಾಳೆಗೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಇಪ್ಪತ್ತು ಮೂವತ್ತು ವರ್ಷ ಕಾಯಲಾರದವರಿಗಾಗಿ 1973ರ ಸುಮಾರಿಗೆ ಕುನ್‌ಮಿಂಗ್ ಕಾರ್ಖಾನೆಯವರು ಗ್ವಾಂಗ್‌ಡಾಂಗ್‌ಗೆ ಹೋಗಿ ಅಲ್ಲಿನ ಪದ್ಧತಿಯನ್ನು ನೋಡಿ ಬಂದು, ತಮ್ಮದೇ ವಿಧಾನವನ್ನು ರೂಪಿಸಿದರು. ಅದಕ್ಕೆ ವೊ ದುಯ್ ಎಂದು ಹೆಸರು. ಒಣಗಿದ ಎಲೆಯನ್ನು ನೆಲದ ಮೇಲೆ ಸೊಂಟದೆತ್ತರಕ್ಕೆ ರಾಶಿ ಹಾಕಿ, ನೀರು ಚಿಮುಕಿಸಿ, ಮೇಲೆ ಬಟ್ಟೆ ಹೊದಿಸುತ್ತಾರೆ. ಗೊಬ್ಬರದ ಗುಂಡಿಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದಲ್ಲ, ಹಾಗೆಯೇ ರಾಶಿಯ ಒಳಗೆ 50ರಿಂದ 60 ಡಿಗ್ರಿ ಕಾವು ಏರುತ್ತದೆ. ಸುಟ್ಟುಹೋಗದಂತೆ ಆಗಾಗ ಮಗುಚುತ್ತಿರಬೇಕು. ಒಂದೂವರೆ ಎರಡು ತಿಂಗಳಲ್ಲಿ ಹಸಿರೆಲೆ ಕಾಫಿ ಬಣ್ಣಕ್ಕೆ ಬರುತ್ತದೆ.

ಆದ್ದರಿಂದ ಮಣ್ಣಿನ, ಹಳೆಯ ಮರದ ವಾಸನೆ ಬಂದರೆ ಕೆಟ್ಟಿದೆ ಎಂದು ಅರ್ಥವಲ್ಲ. ಹಾಲು ಬೇಡ. ಅಡಕತ್ತರಿಯಂತೂ ಖಂಡಿತ ಬೇಡ. ಬಿಲ್ಲೆಯ ಅಂಚಿನಿಂದ ಒಂದು ದಬ್ಬಣವನ್ನು ಅಡ್ಡಕ್ಕೆ ಚುಚ್ಚಿ, ಪದರ ಪದರವಾಗಿ ಎಬ್ಬಿಸಿ.

ಡಬಲ್ ಚೋಲ್

ಪುತ್ತೂರಿನ ಕಡೆಯ ಕೃಷಿಕ ನಾನು. ನನ್ನ ಹೆಸರು ನೋಡಿದರೆ ಈ ಭಾಗದವರಿಗೆ ನಗು ಬರಬಹುದು. ಉಳಿದವರಿಗೆ ವಿವರಣೆ: ನಮ್ಮಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಬಿಸಿಲಿಗೆ ಒಣಗಿಸಿ, ಸುಲಿದು ಚಾಲಿ ಮಾಡುತ್ತೇವೆ. ಆ ವರ್ಷದ್ದು ಹೊಸ ಅಡಿಕೆ, ಒಂದು ವರ್ಷ ದಾಸ್ತಾನು ಮಾಡಿದರೆ ಸಿಂಗಲ್ ಚೋಲ್, ಎರಡು ವರ್ಷ ದಾಟಿದರೆ ಡಬಲ್ ಚೋಲ್. ದರ ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಏರುತ್ತದೆ. ಹಳೆಯದಕ್ಕೆ ಹೆಚ್ಚು ಬೆಲೆ ಎಂದರೆ ಬೆಂಗಳೂರಿನವರು ಹುಬ್ಬೇರಿಸುತ್ತಾರೆ, ನಮಗೆ ಅದು ದಿನನಿತ್ಯದ ಲೆಕ್ಕ.

ಆದರೆ ಒಂದು ಮಾತು. ಸುಮ್ಮನೆ ಇಟ್ಟರೆ ಅಡಿಕೆ ಹಳೆಯದಾಗುವುದಿಲ್ಲ, ಹಾಳಾಗುತ್ತದೆ. ಒಣಗಿದ್ದು ಸರಿಯಿರಬೇಕು, ಗೋಣಿ ಸರಿಯಿರಬೇಕು, ನೆಲದಿಂದ ತೇವ ಏರಬಾರದು. ಮಳೆಗಾಲದಲ್ಲಿ ಒಂದು ದಿನ ಕಿಟಕಿ ಮರೆತರೆ ಮುಗಿಯಿತು. ಈ ಚಹಾಕ್ಕೂ ಹಾಗೆಯೇ ಇರಬೇಕು. ನಮ್ಮ ಕರಾವಳಿಯ ಹವೆಯಲ್ಲಿ ಇಟ್ಟರೆ ಏನಾಗುತ್ತದೆ?

ಇನ್ನೊಂದು ನೆನಪು. ಮಂಗಳೂರಿನ ಕಾಫಿ ಸಂಸ್ಕರಣಾ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜಗಳನ್ನು ಹರವಿ ಮುಂಗಾರಿನ ಗಾಳಿಗೆ ಒಡ್ಡುತ್ತಾರೆ. ಬೀಜ ಉಬ್ಬಿ ಹುಲ್ಲಿನ ಬಣ್ಣಕ್ಕೆ ಬರುತ್ತದೆ, ಹುಳಿ ಕಳೆದುಕೊಳ್ಳುತ್ತದೆ. ಹಾಯಿಹಡಗಿನ ಕಾಲದಲ್ಲಿ ಯುರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ತಾನಾಗಿ ಆಗುತ್ತಿದ್ದುದನ್ನು, ಉಗಿಹಡಗು ಬಂದು ದಾರಿ ಚಿಕ್ಕದಾದ ಮೇಲೆ ದಡದಲ್ಲಿಯೇ ಮಾಡತೊಡಗಿದರಂತೆ. ಚೀನಾದವರ ಚಹಾಕ್ಕೂ ಇಂಥದೇ ಕಥೆ ಇದೆಯೇ?

ಹಳೆಯ ಕಡತ

ಇದೆ. ಆದರೆ ಆ ಕಥೆಯನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನ ಚಟ ಇದು, ಉದ್ದವಾದರೆ ಕ್ಷಮಿಸಿ.

ಹೆಸರಿನಿಂದ ಶುರು ಮಾಡೋಣ. ಬ್ಯಾಡಗಿ ಮೆಣಸಿನಕಾಯಿ ಎನ್ನುತ್ತೇವೆ. ಅಷ್ಟೂ ಕಾಯಿ ಬ್ಯಾಡಗಿಯ ಹೊಲದಲ್ಲಿ ಬೆಳೆಯುತ್ತದೆಯೇ? ಇಲ್ಲ, ಅಲ್ಲಿ ಮಾರುಕಟ್ಟೆ ಇದೆ. ಪು-ಎರ್ ಕೂಡ ಹಾಗೆಯೇ. ದಕ್ಷಿಣದ ಬೆಟ್ಟಗಳ ಚಹಾ ಬಂದು ಸೇರುತ್ತಿದ್ದ ಪೇಟೆಯ ಹೆಸರು ಅದು. ಆ ಹಳೆಯ ಪೇಟೆ ಈಗ ನಿಂಗ್-ಎರ್ ಎಂಬ ಹೆಸರಿನಲ್ಲಿದೆ. ನಕಾಶೆಯಲ್ಲಿ ಇಂದು ಕಾಣುವ ಪು-ಎರ್ ನಗರ 2007ರವರೆಗೆ ಸಿಮಾವ್ ಎಂದಿತ್ತು. ಚಹಾದ ಹೆಸರಿಗೆ ಬೆಲೆ ಬಂದ ಮೇಲೆ ಊರು ಆ ಹೆಸರನ್ನು ಇಟ್ಟುಕೊಂಡಿತು.

ಎಲೆ ಬರುತ್ತಿದ್ದದ್ದು ಶಿಶ್ವಾಂಗ್‌ಬನ್ನಾದ ಬೆಟ್ಟಗಳಿಂದ. ಮೆಕಾಂಗ್ ನದಿಯನ್ನು ಚೀನಾದಲ್ಲಿ ಲಾನ್‌ತ್ಸಾಂಗ್ ಎನ್ನುತ್ತಾರೆ. ಅದರ ಪೂರ್ವಕ್ಕಿರುವ ಯೀವೂ, ಯೀಬಾಂಗ್ ಮೊದಲಾದ ಆರು ಬೆಟ್ಟಗಳು ಹಳೆಯ ಕಾಲದಿಂದ ಪ್ರಸಿದ್ಧ. ಬೆಳೆಸುತ್ತಿದ್ದವರು ಹಾನ್ ಚೀನೀಯರಲ್ಲ. ಬುಲಾಂಗ್, ದೈ, ಹಾನಿ, ಜಿನೋ ಮುಂತಾದ ಗುಡ್ಡಗಾಡಿನ ಮತ್ತು ಕಣಿವೆಯ ಜನ. ನದಿಯ ಪಶ್ಚಿಮಕ್ಕಿರುವ ಜಿಂಗ್‌ಮಾಯ್ ಬೆಟ್ಟದಲ್ಲಿ ಬುಲಾಂಗ್ ಮತ್ತು ದೈ ಜನರು ಕಾಡಿನ ದೊಡ್ಡ ಮರಗಳ ನೆರಳಿನಲ್ಲಿ ಚಹಾ ಮರಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. 2023ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

9ನೇ ಶತಮಾನದಲ್ಲಿ, ಟಾಂಗ್ ಅರಸರ ಕಾಲದ ಫಾನ್ ಚುವೊ ಎಂಬ ಅಧಿಕಾರಿ ಈ ಸೀಮೆಯ ಚಹಾದ ಬಗ್ಗೆ ಬರೆದಿದ್ದಾನೆ. ಇಲ್ಲಿನ ಜನ ಎಲೆಯನ್ನು ಮೆಣಸು, ಶುಂಠಿ, ದಾಲ್ಚಿನ್ನಿಗಳ ಜೊತೆ ಕುದಿಸಿ ಕುಡಿಯುತ್ತಾರೆ ಎನ್ನುತ್ತಾನೆ. ಶರಾವತಿ ಅವರೇ, ನಿಮ್ಮ ಏಲಕ್ಕಿಗೆ ಅಷ್ಟೊಂದು ನಾಚಬೇಕಾಗಿಲ್ಲ. ಅದನ್ನು ಓದಿದರೆ ನಮ್ಮ ಕಷಾಯವೇ ನೆನಪಾಗುತ್ತದೆ. ಮಿಂಗ್ ಕಾಲದ ಕೊನೆಯ ಹೊತ್ತಿಗೆ, 17ನೇ ಶತಮಾನದ ಆರಂಭದಲ್ಲಿ, ಯುನ್ನಾನಿನ ದೊಡ್ಡವರೂ ಸಾಮಾನ್ಯರೂ ಕುಡಿಯುವುದು ಪು ಚಹಾವನ್ನೇ, ಅದನ್ನು ಹಬೆಯಲ್ಲಿ ಬೇಯಿಸಿ ಉಂಡೆ ಕಟ್ಟುತ್ತಾರೆ ಎಂಬ ಬರಹ ಸಿಗುತ್ತದೆ.

ಚಿಂಗ್ ಅರಸರು ಬಂದ ಮೇಲೆ ಇದು ಸರ್ಕಾರದ ವ್ಯವಹಾರವಾಯಿತು. 1729ರಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿಯ ಆಡಳಿತ ಪು-ಎರ್ ಅನ್ನು ಜಿಲ್ಲಾ ಕೇಂದ್ರ ಮಾಡಿ, ಸ್ಥಳೀಯ ಒಡೆಯರ ಕೈಯಿಂದ ಬೆಟ್ಟಗಳನ್ನು ಕಿತ್ತುಕೊಂಡಿತು. ಒಳ್ಳೆಯ ಚಹಾ ಬೀಜಿಂಗ್ ಅರಮನೆಗೆ ಕಾಣಿಕೆಯಾಗಿ ಹೋಗತೊಡಗಿತು. ಕುಂಬಳಕಾಯಿಯ ಆಕಾರದಲ್ಲಿ ಒತ್ತಿದ ಅಂಥ ಕಾಣಿಕೆ ಚಹಾ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಬೆಟ್ಟದವರಿಗೆ ಇದರಿಂದ ಸಿಕ್ಕಿದ್ದು ತೆರಿಗೆ, ಬಿಟ್ಟಿ ದುಡಿಮೆ, ಆಗಾಗ ದಂಗೆ. ಪೊಟ್ಟಣದ ಮೇಲಿನ ಚಿತ್ರದಲ್ಲಿ ಇದು ಕಾಣುವುದಿಲ್ಲ.

1735ರ ಸರ್ಕಾರಿ ನಿಯಮದಲ್ಲಿ ಏಳು ಬಿಲ್ಲೆಗಳಿಗೆ ಒಂದು ಕಟ್ಟು, ಕಟ್ಟಿನ ತೂಕ 49 ಲಿಯಾಂಗ್ ಎಂದಿದೆ. ಆಗಿನ ತೂಕದಲ್ಲಿ ಒಂದು ಬಿಲ್ಲೆ ಸುಮಾರು 260 ಗ್ರಾಂ ಆಗುತ್ತದೆ. ಇಂದಿನ 357 ಗ್ರಾಂ ಆಮೇಲೆ ಬಂದದ್ದು. ತೂಕ ಬದಲಾಯಿತು, ಏಳು ಉಳಿಯಿತು. ಏಳು ಬಿಲ್ಲೆ ಸೇರಿದರೆ ಎರಡೂವರೆ ಕಿಲೋ, ಅದನ್ನು ಬಿದಿರಿನ ಹಾಳೆಯಲ್ಲಿ ಸುತ್ತುತ್ತಾರೆ. ಅಂಥ ಹನ್ನೆರಡು ಕಟ್ಟುಗಳ ಬುಟ್ಟಿ 30 ಕಿಲೋ. ಹೇಸರಗತ್ತೆಯ ಎರಡು ಪಕ್ಕಕ್ಕೆ ಎರಡು ಬುಟ್ಟಿ.

ಈಗ ಚೋಲ್ ಅವರ ಪ್ರಶ್ನೆಗೆ ಬಂದೆ. ದಾಲಿ, ಲಿಜಿಯಾಂಗ್ ದಾಟಿ, ಹಿಮದ ಕಣಿವೆಗಳನ್ನು ಹತ್ತಿ ಇಳಿದು ಲ್ಹಾಸಾಕ್ಕೆ ಹೋಗುವ ದಾರಿಯಲ್ಲಿ ತಿಂಗಳುಗಟ್ಟಲೆ ಮಳೆ, ಬಿಸಿಲು, ಪ್ರಾಣಿಗಳ ಬೆವರು ತಾಗಿ ಚಹಾ ತಾನೇ ಹುದುಗಿತು ಎಂದು ಮಾರಾಟಗಾರರು ಹೇಳುತ್ತಾರೆ. ದಾರಿಯಲ್ಲಿ ತೇವ ತಾಗಿ ರುಚಿ ಬದಲಾಗಿರುವುದು ಸಹಜ. ಆದರೆ ಬಿಲ್ಲೆ ಕಟ್ಟಿದ್ದು ಮಾಗಿಸುವುದಕ್ಕಲ್ಲ, ಸಾಗಿಸುವುದಕ್ಕೆ. ಹುಡಿ ಎಲೆಯನ್ನು ಹೇಸರಗತ್ತೆಯ ಮೇಲೆ ಹೇರಿದರೆ ದಾರಿಯಲ್ಲಿ ಅರ್ಧ ಪುಡಿಯಾಗುತ್ತದೆ.

ಕೊಪ್ಪದ ಕಾಫಿ

ಎಲ್ಲವನ್ನೂ ಓದಿದೆ. ನನಗೆ ಅನ್ನಿಸುವುದು ಇಷ್ಟು: ಬೂಷ್ಟು ಹಿಡಿದ ಸೊಪ್ಪಿಗೆ ಅರಮನೆಯ ಕಥೆ ಕಟ್ಟಿ ಮಾರುತ್ತಿದ್ದಾರೆ. ನಮ್ಮ ತೋಟದಲ್ಲಿ ಕಾಫಿ ಬೀಜಕ್ಕೆ ಮಣ್ಣಿನ ವಾಸನೆ ಬಂದರೆ ಖರೀದಿದಾರ ಮುಖ ತಿರುಗಿಸುತ್ತಾನೆ. ಅದೇ ವಾಸನೆ ಚೀನಾದಿಂದ ಬಂದರೆ ಪರಿಮಳವೇ? 2007ರಲ್ಲಿ ಈ ಚಹಾದ ಬೆಲೆ ಗಗನಕ್ಕೇರಿ ಕೆಲವೇ ವಾರಗಳಲ್ಲಿ ನೆಲಕಚ್ಚಿದ್ದನ್ನು ಆಗ ಪತ್ರಿಕೆಯಲ್ಲಿ ಓದಿದ್ದೆ. ಕುಡಿಯದೆ ಗೋಡೆಯೆತ್ತರ ಪೇರಿಸಿಟ್ಟವರು ಅದೇ ಗೋಡೆಗೆ ಒರಗಿ ಅತ್ತರು. ಹಳೆಯದೆಲ್ಲ ಒಳ್ಳೆಯದು ಎಂಬುದು ಅಂಗಡಿಯವನ ಮಾತು.

ಬೆಟ್ಟದಹಾದಿ

ಕೊಪ್ಪದವರೇ, ಕೊನೆಯ ವಾಕ್ಯವನ್ನು ಒಪ್ಪುತ್ತೇನೆ, ಮೊದಲ ವಾಕ್ಯವನ್ನು ಒಪ್ಪುವುದಿಲ್ಲ.

ಹಳೆಯ ಪು-ಎರ್ ಮೇಲಿನ ಭಕ್ತಿ ಪುರಾತನವಾದದ್ದಲ್ಲ. ಮೆಂಗ್‌ಹಾಯ್ ಬಳಿಯ ಒಂದು ಬುಲಾಂಗ್ ಹಳ್ಳಿಯಲ್ಲಿ ನಾನು ನಾಲ್ಕು ದಿನ ಇದ್ದೆ. ಮನೆಯ ಅಜ್ಜಿ ಒಲೆಯ ಕೆಂಡದ ಮೇಲೆ ಪುಟ್ಟ ಮಣ್ಣಿನ ಕುಡಿಕೆ ಇಟ್ಟು, ಅದೇ ವರ್ಷದ ಎಲೆಯನ್ನು ಕುಲುಕುತ್ತ ಹುರಿದು, ಬಿಸಿನೀರು ಸುರಿದರು. ಕುಡಿಕೆ ಚುಂಯ್ ಎಂದಿತು. ಹೊಗೆ, ಕಹಿ, ಆಮೇಲೆ ಗಂಟಲಲ್ಲಿ ನಿಧಾನವಾಗಿ ಏರುವ ಸಿಹಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವ ಸಿಹಿ ಅದು. ಚೀನೀಯರು ಅದಕ್ಕೆ ಹುಯ್ ಗಾನ್, ಅಂದರೆ ಮರಳಿ ಬರುವ ಸಿಹಿ ಎನ್ನುತ್ತಾರೆ. ಇಪ್ಪತ್ತು ವರ್ಷ ಇಟ್ಟ ಚಹಾ ನಿಮ್ಮಲ್ಲಿ ಇದೆಯೇ ಎಂದು ಕೇಳಿದೆ. ಅಜ್ಜಿ ನಕ್ಕು ಮಗನಿಗೆ ಏನೋ ಹೇಳಿದರು. ಅವನು ಅದನ್ನು ಹೀಗೆ ತಿಳಿಸಿದ: "ಇಡುವಷ್ಟು ಮಿಕ್ಕಿದ್ದು ಯಾವಾಗ?"

ಹಳೆಯದನ್ನು ಇಷ್ಟಪಟ್ಟವರು ದೂರದ ಹಾಂಗ್‌ಕಾಂಗ್ ಮತ್ತು ಗ್ವಾಂಗ್‌ಡಾಂಗ್‌ನವರು. ಅಲ್ಲಿಯ ತಿಂಡಿಮನೆಗಳಲ್ಲಿ ಬೆಳಗಿನ ಹಬೆಯ ತಿನಿಸುಗಳ ಜೊತೆ ಬೋಲೇ ಕುಡಿಯುವುದು ರೂಢಿ. ಪು-ಎರ್‌ಗೆ ಕ್ಯಾಂಟನೀಸ್ ಭಾಷೆಯಲ್ಲಿ ಬೋಲೇ ಎನ್ನುತ್ತಾರೆ. ಕೆಲವರು ಅದಕ್ಕೆ ಸೇವಂತಿಗೆ ಹೂವನ್ನೂ ಹಾಕುತ್ತಾರೆ. ಗಿರಾಕಿಗಳಿಗೆ ಒಗರು ಬೇಡ, ಮೆದುವಾದದ್ದು ಬೇಕು. ವ್ಯಾಪಾರಿಗಳು ಎಲೆಯನ್ನು ತೇವದ ನೆಲಮಾಳಿಗೆಗಳಲ್ಲಿ ಇಟ್ಟು ಬೇಗ ಮಾಗಿಸುತ್ತಿದ್ದರು. ಅಷ್ಟೇ, ಅದರಲ್ಲಿ ತಪಸ್ಸೇನೂ ಇರಲಿಲ್ಲ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳುವ ಮುಂಚಿನ ವರ್ಷಗಳಲ್ಲಿ ಹಳೆಯ ತಿಂಡಿಮನೆಗಳು ಮುಚ್ಚಿ, ಮಾಲೀಕರು ವಲಸೆ ಹೊರಟು, ಮಾಳಿಗೆಗಳು ಖಾಲಿಯಾಗತೊಡಗಿದವು. ಯಾರೋ ಮರೆತಿದ್ದ ಬುಟ್ಟಿಗಳಲ್ಲಿ ದಶಕಗಳ ಹಿಂದಿನ ಬಿಲ್ಲೆಗಳು ಸಿಕ್ಕಿದವು. ತೈವಾನಿನ ರಸಿಕರು ಅವನ್ನು ಕೊಂಡು, ಹೆಸರಿಟ್ಟು, ವಂಶಾವಳಿ ಬರೆದರು. ಹಳೆಯ ಕಡತ ಅವರು ಮೇಲೆ ಬರೆದ ಆರು ಬೆಟ್ಟಗಳಿಗೆ ಆಗ ಮತ್ತೆ ಜೀವ ಬಂತು. ಆ ರುಚಿ ಯುನ್ನಾನಿಗೆ ಹಿಂದಿರುಗಿದ್ದು ಆಮೇಲೆ, ಹಣದ ಜೊತೆ. 2007ರ ಕುಸಿತ ಅದರ ಮುಂದಿನ ಅಧ್ಯಾಯ. ಸಿಮಾವ್ ಊರು ಹೆಸರು ಬದಲಿಸಿಕೊಂಡ ವರ್ಷವೇ ಬೆಲೆ ಬಿತ್ತು. ಮುಹೂರ್ತ ನೋಡಿದವರು ಯಾರೋ!

ಹಾಗಾದರೆ ಇದೆಲ್ಲ ಬರಿಯ ಕಥೆಯೇ? ನನ್ನ ನಾಲಗೆ ಅಲ್ಲ ಎನ್ನುತ್ತದೆ. ಕುನ್‌ಮಿಂಗ್‌ನಲ್ಲಿ ಒಬ್ಬ ವ್ಯಾಪಾರಿ ಒಂದೇ ವರ್ಷದ, ಒಂದೇ ಪಾಕದ ಎರಡು ಬಿಲ್ಲೆಗಳನ್ನು ಪಕ್ಕಪಕ್ಕದಲ್ಲಿ ಕುದಿನೀರಿಗೆ ಹಾಕಿ ಕೊಟ್ಟರು. ಒಂದನ್ನು ಕುನ್‌ಮಿಂಗ್‌ನ ಒಣ ಹವೆಯಲ್ಲಿ ಇಟ್ಟದ್ದು, ಇನ್ನೊಂದನ್ನು ಗ್ವಾಂಗ್‌ಝೌನ ತೇವದಲ್ಲಿ ಇಟ್ಟದ್ದು. ಮೊದಲನೆಯದು ಹತ್ತು ವರ್ಷವಾದರೂ ಚುರುಕಾಗಿ, ಒಗರಾಗಿ, ಹೂವಿನ ಪರಿಮಳದೊಡನೆ ಇತ್ತು. ಎರಡನೆಯದು ಕೆಂಪು, ದಪ್ಪ, ಖರ್ಜೂರದ ಸಿಹಿ. ಒಡಹುಟ್ಟಿದವರು ಎಂದು ಹೇಳುವಂತಿರಲಿಲ್ಲ. ಆ ದಿನದಿಂದ ಚಹಾಕ್ಕೆ ಎಷ್ಟು ವರ್ಷವಾಯಿತು ಎಂದು ಯಾರಾದರೂ ಹೇಳಿದರೆ, ಎಲ್ಲಿ ಇಟ್ಟಿದ್ದಿರಿ ಎಂದು ಮೊದಲು ಕೇಳುತ್ತೇನೆ. ವಯಸ್ಸು ಲೆಕ್ಕದ ಅರ್ಧ ಭಾಗ ಮಾತ್ರ. ಉಳಿದರ್ಧ ಗಾಳಿಯದು.

ಚೋಲ್ ಅವರೇ, ನಿಮ್ಮ ಕರಾವಳಿ ಹವೆಗೆ ಉತ್ತರ ಇದರಲ್ಲಿಯೇ ಇದೆ: ಬೇಗ ಮಾಗುತ್ತದೆ, ಬೇಗ ಕೆಡುತ್ತದೆ. ಗಾಳಿಯ ತೇವ ಶೇಕಡಾ 60ರಿಂದ 75ರ ಒಳಗಿದ್ದರೆ ನೆಮ್ಮದಿ. ಜುಲೈ ತಿಂಗಳ ಪುತ್ತೂರಿನಲ್ಲಿ ಅದು ಕನಸು.

ಸೂಕ್ಷ್ಮದರ್ಶಕ

ಸೂಕ್ಷ್ಮಜೀವಿಗಳ ಪಾಠ ಮಾಡುವವಳು ನಾನು, ಎರಡು ಮಾತು ಸೇರಿಸಲೇಬೇಕು.

ನಾವು ದಿನಾ ಕುಡಿಯುವ ಚಹಾವನ್ನೂ ಹುದುಗಿಸಿದ್ದು ಎಂದು ತಪ್ಪಾಗಿ ಕರೆಯುವುದುಂಟು. ಅಲ್ಲಿ ನಡೆಯುವುದು ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವ ಕ್ರಿಯೆ. ಎಲೆಯದೇ ಕಿಣ್ವ, ಗಾಳಿಯ ಆಮ್ಲಜನಕ, ಅಷ್ಟೇ. ಜೀವಿಗಳ ಕೆಲಸವಿಲ್ಲ. ಚೀನೀಯರು ಅದಕ್ಕೆ ಕೆಂಪು ಚಹಾ ಎನ್ನುತ್ತಾರೆ. ಅವರ ಕಪ್ಪು ಚಹಾ ಬೇರೆಯೇ ವರ್ಗ. ಹುನಾನಿನ ಇಟ್ಟಿಗೆ ಚಹಾ, ಗ್ವಾಂಗ್‌ಶಿಯ ಲಿಯು ಬಾವ್ ಅದರಲ್ಲಿ ಸೇರುತ್ತವೆ, ಮಾಗಿಸಿದ ಪು-ಎರ್ ಕೂಡ ಅವುಗಳ ಬಂಧು. ಇವುಗಳಲ್ಲಿ ನಿಜವಾಗಿ ಹುದುಗುವಿಕೆ ಇದೆ. ನಮ್ಮ ದೋಸೆ ಹಿಟ್ಟಿನಲ್ಲಿ ಮುಖ್ಯವಾಗಿ ಬ್ಯಾಕ್ಟೀರಿಯಾ ದುಡಿಯುತ್ತವೆ, ಪು-ಎರ್ ರಾಶಿಯಲ್ಲಿ ಶಿಲೀಂಧ್ರಗಳು, ಅವುಗಳಲ್ಲಿ ಆಸ್ಪರ್ಜಿಲಸ್ ನೈಗರ್ ಪ್ರಮುಖ. ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳು ಒಡೆದು, ಒಂದಕ್ಕೊಂದು ಬೆಸೆದು, ಥಿಯಾಬ್ರೌನಿನ್ ಎಂಬ ಕಂದು ಬಣ್ಣದ ದೊಡ್ಡ ಅಣುಗಳಾಗುತ್ತವೆ. ಶು ಚಹಾದ ಮೆದುತನ, ಕಡುಬಣ್ಣ ಎರಡಕ್ಕೂ ಇದೇ ಕಾರಣ. ಕೆಫೀನ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ರಾತ್ರಿ ಹತ್ತಕ್ಕೆ ಕುಡಿದು ನನ್ನನ್ನು ಬೈಯಬೇಡಿ.

ಕೊಪ್ಪದವರಿಗೆ: ಬೇಕಾದ ಶಿಲೀಂಧ್ರ, ಬೇಡದ ಶಿಲೀಂಧ್ರ ಎಂಬ ಭೇದವಿದೆ. ಹುನಾನಿನ ಫೂ ಇಟ್ಟಿಗೆಯನ್ನು ಒಡೆದರೆ ಒಳಗೆ ಹಳದಿ ಚುಕ್ಕಿಗಳು ತುಂಬಿರುತ್ತವೆ. ಅದಕ್ಕೆ ಚಿನ್ನದ ಹೂ ಎಂದು ಹೆಸರು, ಅದು ಎಷ್ಟು ಹೆಚ್ಚಿದ್ದರೆ ಅಷ್ಟು ಬೆಲೆ. ಆದರೆ ನಿಮ್ಮ ಪು-ಎರ್ ಬಿಲ್ಲೆಯ ಮೇಲೆ ಹತ್ತಿಯಂಥ ಬಿಳಿ, ಹಸಿರು, ಕಪ್ಪು ಬೂಷ್ಟು ಕಂಡು, ಮೂಗಿಗೆ ಕೊಳೆತ ಘಾಟು ಹೊಡೆದರೆ ಎಸೆಯಿರಿ. ಬಿಸಿನೀರಿನಲ್ಲಿ ಒಮ್ಮೆ ತೊಳೆದರೆ ಧೂಳು ಹೋಗುತ್ತದೆ, ಬೂಷ್ಟಿನ ವಿಷ ಹೋಗುವುದಿಲ್ಲ.

ತೂಕ ಇಳಿಸುತ್ತದೆ, ಕೊಬ್ಬು ಕರಗಿಸುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಪೊಟ್ಟಣವನ್ನು ನಂಬಬೇಡಿ. ಇಲಿಗಳ ಮೇಲಿನ ಪ್ರಯೋಗ ಬೇರೆ, ನಿಮ್ಮ ಸೊಂಟದ ಸುತ್ತಳತೆ ಬೇರೆ.

ಕುಶಾಲನಗರ ಬಸ್‌ನಿಲ್ದಾಣ

ಈ ಚಹಾಕ್ಕೂ ನಮ್ಮ ನಾಡಿಗೂ ಒಂದು ನಂಟು ಇದೆ, ಯಾರೂ ಹೇಳಲಿಲ್ಲ. ನಮ್ಮ ಪಕ್ಕದ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರಿಗೆ ಕಾಡು ಕಡಿದು ಊರು ಕಟ್ಟಿಕೊಳ್ಳಲು ಜಾಗ ಕೊಟ್ಟದ್ದು ಇಲ್ಲಿ. ನನ್ನ ಸಹಪಾಠಿಯ ಅಜ್ಜಿಯ ಮನೆಯಲ್ಲಿ ಬೆಣ್ಣೆ ಚಹಾ ಕುಡಿದೇ ನಾನು ದೊಡ್ಡವನಾದೆ. ಚಹಾ ಎಂದು ಬಾಯಿಗಿಟ್ಟರೆ ಉಪ್ಪು, ಬೆಣ್ಣೆ. ಮೊದಲ ಸಲ ಉಗುಳಿದ್ದೆ. ಮೂರನೆಯ ಸಲಕ್ಕೆ ಅದನ್ನು ಸಾರು ಎಂದುಕೊಂಡೆ, ಆಮೇಲೆ ತೊಂದರೆ ಆಗಲಿಲ್ಲ. ಉದ್ದನೆಯ ಮರದ ಕೊಳವೆಯಲ್ಲಿ ಕಡೆಗೋಲನ್ನು ಮೇಲೆ ಕೆಳಗೆ ಆಡಿಸಿ ಕಡೆಯುತ್ತಿದ್ದರು. ಈಗ ಆ ಮನೆಯಲ್ಲೂ ಮಿಕ್ಸಿ ಬಂದಿದೆ. ಇಲ್ಲಿ ಬಳಸುವುದು ನಮ್ಮ ದೇಶದ ಚಹಾವನ್ನೇ. ಆದರೆ ಊರಿನಲ್ಲಿದ್ದಾಗ ಇಟ್ಟಿಗೆಯಂತೆ ಒತ್ತಿದ ಚಹಾವನ್ನು ಚಾಕುವಿನಿಂದ ಕೆರೆದು ಗಂಟೆಗಟ್ಟಲೆ ಕುದಿಸುತ್ತಿದ್ದೆವು ಎಂದು ಅಜ್ಜಿ ಹೇಳುತ್ತಿದ್ದರು. ಮಾಂಸ, ಬೆಣ್ಣೆ, ಬಾರ್ಲಿ ಹಿಟ್ಟು ಬಿಟ್ಟರೆ ತರಕಾರಿ ಅಪರೂಪವಾದ ನಾಡಿನಲ್ಲಿ ಅದು ಮೋಜಿನ ಪಾನೀಯವಲ್ಲ, ಊಟದ ಭಾಗ.

ಇನ್ನೊಂದು ಸಂಗತಿ. 1920, 30ರ ದಶಕಗಳಲ್ಲಿ ಮೆಂಗ್‌ಹಾಯ್ ಚಹಾ ಟಿಬೆಟಿಗೆ ಹೋಗುತ್ತಿದ್ದದ್ದು ಬರಿಯ ಬೆಟ್ಟದ ದಾರಿಯಲ್ಲಲ್ಲ. ಬರ್ಮಾದ ಕೆಂಗ್‌ಟುಂಗ್‌ಗೆ ಇಳಿದು, ರಂಗೂನಿಗೆ ಬಂದು, ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂದು, ರೈಲಿನಲ್ಲಿ ಸಿಲಿಗುರಿ, ಅಲ್ಲಿಂದ ಕಾಲಿಂಪಾಂಗ್, ಮತ್ತೆ ಹೇಸರಗತ್ತೆಯ ಮೇಲೆ ಲ್ಹಾಸಾ. ಇಷ್ಟು ಸುತ್ತಿದರೂ ನೇರದಾರಿಗಿಂತ ಬೇಗ ಮುಟ್ಟುತ್ತಿತ್ತು. ಅಂದರೆ ಲ್ಹಾಸಾದ ಹಂಡೆಯಲ್ಲಿ ಕುದಿದ ಚಹಾದಲ್ಲಿ ಒಂದು ಪಾಲು ಭಾರತದ ರೈಲು ಹತ್ತಿ ಬಂದದ್ದು.

ಹಳೆಯ ಕಡತ

ಬಸ್‌ನಿಲ್ದಾಣದವರೇ, ಸೊಗಸಾದ ಮಾಹಿತಿ. ಇದಕ್ಕೆ ಅಸ್ಸಾಮನ್ನೂ ಸೇರಿಸಿ. 1823ರಲ್ಲಿ ರಾಬರ್ಟ್ ಬ್ರೂಸ್‌ಗೆ ಚಹಾ ಗಿಡವನ್ನು ತೋರಿಸಿದ ಸಿಂಗ್‌ಫೋ ಜನ ಎಲೆಯನ್ನು ಹುರಿದು, ಒಣಗಿಸಿ, ಬಿದಿರಿನ ಗಳದಲ್ಲಿ ಗಿಡಿದು, ಒಲೆಯ ಮೇಲಿನ ಹೊಗೆಯಲ್ಲಿ ತೂಗುಹಾಕುತ್ತಾರೆ. ಫಲಾಪ್ ಎನ್ನುತ್ತಾರೆ. ಅದನ್ನೂ ವರ್ಷಗಟ್ಟಲೆ ಇಡುತ್ತಾರೆ. ಅಸ್ಸಾಂ ಗಿಡ, ಯುನ್ನಾನಿನ ದೊಡ್ಡ ಎಲೆಯ ಗಿಡ, ಎರಡೂ ಒಂದೇ ಪ್ರಭೇದ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಅಸಾಮಿಕಾ ಎಂದೇ ಹೆಸರು. ಗಡಿ ಗೆರೆ ಎಳೆದವರು ಆಮೇಲೆ ಬಂದರು.

ಕೊಪ್ಪದ ಕಾಫಿ

ಸರಿ, ಬೂಷ್ಟು ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಅಂಗಡಿಯವನ ಬಗ್ಗೆ ಹೇಳಿದ್ದನ್ನು ಪಡೆಯುವುದಿಲ್ಲ. ಯಾರಾದರೂ ಒಂದು ಚೂರು ಕಳಿಸಿದರೆ ಕುಡಿದು ನೋಡಿಯೇ ಮುಂದಿನ ಜಗಳ.

ಬೆಟ್ಟದಹಾದಿ

ಶರಾವತಿ ಅವರೇ, ಹೀಗೆ ಮಾಡಿ. 6 ಗ್ರಾಂ ಎಲೆ, ಸುಮಾರು 120 ಮಿಲಿಲೀಟರ್ ಹಿಡಿಯುವ ಪುಟ್ಟ ಪಾತ್ರೆ, ಚೆನ್ನಾಗಿ ಕುದಿಯುವ ನೀರು. ಮೊದಲ ನೀರನ್ನು ಹಾಕಿದ ತಕ್ಷಣ ಚೆಲ್ಲಿ. ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಬಸಿದು ಕುಡಿಯಿರಿ. ಅದೇ ಎಲೆಗೆ ಮತ್ತೆ ನೀರು, ಪ್ರತಿ ಸಲ ಸ್ವಲ್ಪ ಹೆಚ್ಚು ಹೊತ್ತು. ಎಂಟು ಹತ್ತು ಸಲ ಬರುತ್ತದೆ. ಮೂರನೆಯದು, ನಾಲ್ಕನೆಯದು ಎಲ್ಲಕ್ಕಿಂತ ಚೆನ್ನ ಎಂದು ನನ್ನ ಅನುಭವ. ಮಿಕ್ಕ ಬಿಲ್ಲೆಯನ್ನು ಅದರ ಕಾಗದದಲ್ಲಿಯೇ ಸುತ್ತಿ, ಬಿಸಿಲು ಬೀಳದ, ವಾಸನೆಯಿಲ್ಲದ ಜಾಗದಲ್ಲಿ ಇಡಿ. ಪ್ಲಾಸ್ಟಿಕ್ ಬೇಡ, ಉಸಿರಾಡಬೇಕು. ಚಹಾ ಎಲ್ಲ ವಾಸನೆಯನ್ನೂ ಹೀರುತ್ತದೆ, ಇಂಗು, ಸಾಂಬಾರಪುಡಿ, ನುಸಿಗುಳಿಗೆಗಳ ನೆರೆ ಕೂಡದು.

ಶರಾವತಿ (ಗುರುವಾರ ರಾತ್ರಿ)

ಹೇಳಿದ ಹಾಗೆಯೇ ಮಾಡಿದೆ. ತೂಕ ಸಿಗಲಿಲ್ಲ, ಅಕ್ಕಸಾಲಿಗರ ಅಂಗಡಿಯಲ್ಲಿರುವ ತಮ್ಮನಿಂದ ತಕ್ಕಡಿ ತರಿಸಿದೆ. ದಬ್ಬಣ ಸರಾಗವಾಗಿ ಹೋಯಿತು.

ಮೊದಲ ಲೋಟ ಯಾರಿಗೂ ರುಚಿಸಲಿಲ್ಲ. ಎರಡನೆಯದರಲ್ಲಿ ಮೈದುನ ಮಾತು ನಿಲ್ಲಿಸಿದ. ನಾಲ್ಕನೆಯದನ್ನು ಅತ್ತೆಯವರು ಕುತೂಹಲಕ್ಕೆ ಎತ್ತಿಕೊಂಡು, ಮೂಸಿ, "ನಮ್ಮ ತವರಿನ ಅಡಿಕೆ ಅಟ್ಟ" ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಕುಡಿದು ಮುಗಿಸಿ ಲೋಟವನ್ನು ಮತ್ತೆ ನನ್ನ ಕಡೆ ತಳ್ಳಿದರು. ಸಿಹಿ ಹಾಕದೆ ಸಿಹಿ ಹೇಗೆ ಬಂತು ಎಂದು ಎರಡು ಸಲ ಕೇಳಿದರು. ನಾನೂ ಆರು ಲೋಟ ಕುಡಿದು, ಸೂಕ್ಷ್ಮದರ್ಶಕ ಅವರ ಮಾತು ಮರೆತು, ರಾತ್ರಿ ಎರಡರವರೆಗೆ ಎಚ್ಚರವಿದ್ದೆ.

1975ರ ವಿಷಯ ಮೈದುನನಿಗೆ ಇನ್ನೂ ಹೇಳಿಲ್ಲ.

ಬಿಲ್ಲೆಯನ್ನು ಈಗ ಅತ್ತೆಯವರೇ ವಹಿಸಿಕೊಂಡಿದ್ದಾರೆ. ಅಡುಗೆಮನೆಯಲ್ಲಿ ಇಂಗಿನ ವಾಸನೆ ಎಂದು ಹೇಳಿದೆ, ತಾವೇ ಯೋಚಿಸಿ ದೇವರ ಕೋಣೆಯ ಗೂಡಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ.

ಡಬಲ್ ಚೋಲ್

ದೇವರ ಕೋಣೆಯ ಗೂಡಿನಲ್ಲಿ ಇನ್ನೇನೇನು ಇದೆ?

ಶರಾವತಿ

ಊದುಬತ್ತಿ, ಗಂಧ, ಕರ್ಪೂರದ ಡಬ್ಬಿ.

ಬೆಟ್ಟದಹಾದಿ

ದಯವಿಟ್ಟು ಈಗಲೇ ತೆಗೆಯಿರಿ.

ಶರಾವತಿ (ಶುಕ್ರವಾರ ಬೆಳಿಗ್ಗೆ)

ತೆಗೆದೆ. ಒಂದು ರಾತ್ರಿ ತಡವಾಯಿತು. ಈಗಷ್ಟೇ ಒಂದು ಚೂರು ಕುದಿನೀರಿಗೆ ಹಾಕಿದೆ. ಮೈದುನ ಮೂಸಿ ನೋಡಿ, "ಕರ್ಪೂರದ ಪರಿಮಳ! ನೋಡಿದಿರಾ ಅತ್ತಿಗೆ, 75ರದೇ ಇದು" ಎಂದು ಕುಣಿಯುತ್ತಿದ್ದಾನೆ. ಕೊಪ್ಪದವರೇ, ನಿಮಗೆ ಚೂರು ಕಳಿಸುತ್ತೇನೆ, ಬಿಲ್ಲೆಯ ಯಾವ ಪಕ್ಕದ್ದು ಬೇಕು ತಿಳಿಸಿ.